ನಿಮ್ಮೂರ ಗುಡಿಯ ಶಾಸನವನ್ನು ಓದುವ ಬಗೆ

ಹಳೆಯ ಭಾಷೆಗಳ ವಿದ್ವಾಂಸರಾಗಲು ಎಲ್ಲಿಂದ ಆರಂಭಿಸಬೇಕು ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ಚಿತ್ತಾಪುರ ತಾಲ್ಲೂಕಿನಲ್ಲಿ ಕನ್ನಡ ಕಲಿಸುತ್ತಲೇ ಇಪ್ಪತ್ತೆರಡು ವರ್ಷ ಶಾಸನಗಳ ಬೆನ್ನು ಹತ್ತಿದವಳು ನಾನು. ನಿಮ್ಮೂರ ಗುಡಿಯ ಕಲ್ಲಿನಿಂದಲೇ ಆರಂಭಿಸಿ ಎನ್ನುತ್ತೇನೆ.

ಪೂಜಾರಿಯವರ ಒಪ್ಪಿಗೆ ಪಡೆದು ಬೆಳಗಿನ ಏಳು ಗಂಟೆಯೊಳಗೆ ಹೋಗಿ. ಬಿಸಿಲು ಓರೆಯಾಗಿ ಬಿದ್ದಾಗ ಕೊರೆದ ಗೆರೆಗಳಲ್ಲಿ ನೆರಳು ನಿಲ್ಲುತ್ತದೆ. ನೆತ್ತಿಯ ಬಿಸಿಲಿಗೆ ಅದೇ ಕಲ್ಲು ಬೋಳಾಗಿ ಕಾಣುತ್ತದೆ. ಮಂಟಪದೊಳಗೆ ಕತ್ತಲಿದ್ದರೆ ಹೊರಗೊಬ್ಬರು ಕನ್ನಡಿ ಹಿಡಿದು ಪಕ್ಕದಿಂದ ಬೆಳಕು ಹಾಯಿಸಲಿ. ಎಣ್ಣೆಯ ಜಿಡ್ಡು, ಸುಣ್ಣ ಏನೇ ಇರಲಿ, ಕೆರೆಯಬೇಡಿ.

ಅಕ್ಷರಗಳಿಗೆ ಸೀಮೆಸುಣ್ಣವನ್ನೂ ತುಂಬಬೇಡಿ. ಮೊದಲ ವರ್ಷ ನಾನು ತುಂಬಿದೆ. ಸವೆದ ೭ರ ಬಾಯಿ ನನ್ನ ಕೈಯಲ್ಲೇ ಮುಚ್ಚಿ ೧ ಆಯಿತು. ‘ಚಾಳುಕ್ಯ ವಿಕ್ರಮ ವರ್ಷ 31’ ಎಂದು ಬರೆದುಕೊಂಡು ಬಂದೆ. ಪಕ್ಕದಲ್ಲಿದ್ದ ‘ನಂದನ ಸಂವತ್ಸರ’ ತಿಂಗಳುಗಟ್ಟಲೆ ಕಾಡಿತು, ಏಕೆಂದರೆ 31ನೆಯ ವರ್ಷದ ಸಂವತ್ಸರ ವ್ಯಯ. ನಂದನ ಬರುವುದು 37ಕ್ಕೆ. ಕಲ್ಯಾಣದ ಚಾಳುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಈ ಶಕೆ ಕ್ರಿ.ಶ. 1076ರಲ್ಲಿ ಮೊದಲಾದ್ದರಿಂದ ವರ್ಷದ ಸಂಖ್ಯೆಗೆ 1075 ಕೂಡಿಸಿ. 37ಕ್ಕೆ 1112 ಸಿಗುತ್ತದೆ. ಶಕವರ್ಷವಾದರೆ 78 ಕೂಡಿಸಿ. ಸಂವತ್ಸರದ ಹೆಸರಿಗೆ ತಾಳೆಯಾಗುವವರೆಗೆ ಯಾವ ಅಂಕಿಯನ್ನೂ ನಂಬಬೇಡಿ.

ಕಲ್ಯಾಣದ ಚಾಳುಕ್ಯರ ಶಾಸನವಾದರೆ ‘ಸಮಸ್ತಭುವನಾಶ್ರಯ’ ಎಂಬುದನ್ನು ಹುಡುಕಿ. ಆ ಬಿರುದಾವಳಿಯನ್ನು ಬಾಯಿಪಾಠ ಮಾಡಿದ್ದರೆ ‘ಸತ್ಯಾಶ್ರಯಕುಲತಿಳಕಂ ಚಾಳುಕ್ಯಾಭರಣಂ’ ಎಂಬಲ್ಲಿಗೆ ಬರುವಷ್ಟರಲ್ಲಿ ಅರ್ಧ ಅಕ್ಷರಮಾಲೆ ಕೈಗೆ ಬಂದಿರುತ್ತದೆ. ಗೊತ್ತಿರುವ ಮಾತು ಗೊತ್ತಿಲ್ಲದ ಲಿಪಿಯನ್ನು ಕಲಿಸುತ್ತದೆ. ನನಗೆ ಇದಕ್ಕಿಂತ ಒಳ್ಳೆಯ ಗುರು ಸಿಗಲಿಲ್ಲ. ಱ, ೞಗಳನ್ನು ಇದ್ದಂತೆಯೇ ಬರೆದುಕೊಳ್ಳಿ, ಇಂದಿನ ರ, ಳಗಳಿಗೆ ತಿದ್ದಬೇಡಿ. ಓದಲಾಗದ ಕಡೆ ಚುಕ್ಕಿಯಿಡಿ.

ಪಡಿಯಚ್ಚು ತೆಗೆಯುವುದನ್ನು ಬಲ್ಲವರ ಜೊತೆ ನಿಂತೇ ಕಲಿಯಬೇಕು. ಒದ್ದೆ ಕಾಗದವನ್ನು ಕಲ್ಲಿಗೆ ಹೊದಿಸಿ, ಕುಂಚದಿಂದ ತಟ್ಟಿ ಗೆರೆಗಳೊಳಗೆ ಇಳಿಸಿ, ಬಳಿಕ ಮಸಿ ಒತ್ತುತ್ತಾರೆ.

ಸಂಸ್ಕೃತವನ್ನು ನನಗೆ ಕಲಿಸಿದ್ದು ದಾನ ಅಳಿಸಿದವರಿಗೆ ಹಾಕುವ ಶಾಪ. ಕೊನೆಯ ಸಾಲುಗಳ ‘ಸ್ವದತ್ತಾಂ ಪರದತ್ತಾಂ ವಾ’ ಎಂಬ ಶ್ಲೋಕ ಅರ್ಥವಾಗದೆ ವ್ಯಾಕರಣ ಹಿಡಿದು ಕುಳಿತೆ. ಪ್ರಾಕೃತ ಇನ್ನೂ ತಡವಾಗಿ ಬಂತು, ಭೀಮಾ ದಂಡೆಯ ಸನ್ನತಿಗಾಗಿ. ಅಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯಲ್ಲಿ ಬ್ರಾಹ್ಮಿ ಲಿಪಿಯಲ್ಲಿ ಕೊರೆದ ಅಶೋಕನ ಪ್ರಾಕೃತ ಶಾಸನವಿತ್ತು. ನೀವು ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪಕ್ಕೂ ಹೋಗಿ, ‘ರಾಯಾ ಅಸೋಕೋ’ ಎಂಬುದನ್ನು ಬೆರಳು ತಾಗಿಸದೆ, ಒಂದೊಂದೇ ಅಕ್ಷರವಾಗಿ ಬಾಯಿಬಿಟ್ಟು ಓದಿ.