ನಮ್ಮ ಮೊಲವನ್ನು ಬೇರೆ ಮನೆಗೆ ಕೊಟ್ಟ ಕಥೆ

ನಮ್ಮ ಮೊಲದ ಹೆಸರು ಮುದ್ದೆ. ಬೂದು ಬಣ್ಣ, ಕಾಲು ಮಡಚಿ ಕೂತರೆ ಥೇಟ್ ತಟ್ಟೆಯಲ್ಲಿಟ್ಟ ರಾಗಿಮುದ್ದೆ, ಅದಕ್ಕೇ ಮಗ ಆ ಹೆಸರಿಟ್ಟ. ಅವನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಹಠ ಹಿಡಿದು ತರಿಸಿಕೊಂಡಿದ್ದು. ಎಸ್ಸೆಸ್ಸೆಲ್ಸಿ ಮುಗಿಸಿ ಅವನು ಮೂಡಬಿದಿರೆಯ ಹಾಸ್ಟೆಲ್ಲಿಗೆ ಹೋದ, ಮೊಲ ಹಾಸನದ ನಮ್ಮ ಬಾಡಿಗೆ ಮನೆಯಲ್ಲಿ ಉಳಿಯಿತು. ಚೆನ್ನಾಗಿ ನೋಡಿಕೊಂಡರೆ ಮೊಲ 8ರಿಂದ 10 ವರ್ಷ ಬದುಕುತ್ತದೆ. ತರುವಾಗ ಇದನ್ನು ಅಂಗಡಿಯವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮಗ ಮನೆಯಲ್ಲಿರೋದೇ ಇನ್ನೆರಡು ವರ್ಷ ಅನ್ನೋ ಲೆಕ್ಕ ನನಗಾದರೂ ಹೊಳೆಯಬೇಕಿತ್ತು, ಅಲ್ವಾ?

ಕೊಟ್ಟುಬಿಡೋಣ ಅಂತ ಮೊದಲು ಅನ್ನಿಸಿದ್ದು ಬರೀ ಸಿಟ್ಟಿನಲ್ಲಿ. ಐದು ತಿಂಗಳಾಗುತ್ತಿದ್ದ ಹಾಗೆ ಅದರ ಅವತಾರವೇ ಬದಲಾಯಿತು. ಸೋಫಾ, ಚಾಪೆ, ನನ್ನ ಸೀರೆ ಯಾವುದನ್ನೂ ಬಿಡದೆ ಉಚ್ಚೆ ಚಿಮ್ಮಿಸೋದು, ಕಾಲಿನ ಸುತ್ತ ಗಿರಗಿರ ಸುತ್ತೋದು, ಗೂಡಿಗೆ ಕೈ ಹಾಕಿದರೆ ಕಚ್ಚೋದು. ಇದರ ಬುದ್ಧಿಯೇ ಸರಿಯಿಲ್ಲ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಗಂಡು ಮೊಲ ನಾಲ್ಕೈದು ತಿಂಗಳಿಗೇ ಪ್ರಾಯಕ್ಕೆ ಬರುತ್ತದೆ, ಇದೆಲ್ಲ ಅದರದ್ದೇ ಆಟ ಅಂತ. ಬೀಜ ತೆಗೆಸೋ ಆಪರೇಷನ್ ಮಾಡಿಸಿದರೆ ಕಮ್ಮಿಯಾಗುತ್ತದೆ. ಇಲ್ಲೊಂದು ವಿಷಯ ಹೇಳಲೇಬೇಕು. ನಾವು ಮೊದಲು ವಿಚಾರಿಸಿದ ಕಡೆ "ಹಿಂದಿನ ರಾತ್ರಿಯಿಂದ ಏನೂ ಕೊಡಬೇಡಿ" ಅಂದಿದ್ದರು. ನಾಯಿ ಬೆಕ್ಕಿಗೆ ಅದು ಸರಿ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಅದರ ಹೊಟ್ಟೆ ಖಾಲಿಯಾಗಿ ಕರುಳು ನಿಂತರೆ ಜೀವಕ್ಕೇ ಅಪಾಯ, ಹುಲ್ಲು ತಿನ್ನಿಸುತ್ತಲೇ ಕರಕೊಂಡು ಬನ್ನಿ ಅಂತ ಇನ್ನೊಬ್ಬ ಡಾಕ್ಟರು ಬಿಡಿಸಿ ಹೇಳಿದರು. ಅವರ ಹತ್ತಿರವೇ ಮಾಡಿಸಿದೆವು. ಒಂದೂವರೆ ತಿಂಗಳಲ್ಲಿ ಕಚ್ಚೋದು ನಿಂತಿತು, ಉಚ್ಚೆ ಒಂದು ಮೂಲೆಗೆ ಬಂತು. ಸಿಟ್ಟಿನಲ್ಲೇ ಯಾರಿಗಾದರೂ ದಾಟಿಸಿದ್ದರೆ ಅವರೂ ಅದೇ ಸಿಟ್ಟಿನಲ್ಲಿ ಇನ್ನೊಬ್ಬರಿಗೆ ದಾಟಿಸುತ್ತಿದ್ದರೋ ಏನೋ.

ತಿನ್ನೋದರಲ್ಲೂ ನಮ್ಮದು ತಪ್ಪೇ. ಕ್ಯಾರೆಟ್ಟು, ಬಿಸ್ಕತ್ತು, ಒಂದು ಬಟ್ಟಲು ಪೆಲೆಟ್, ಅಂದರೆ ಅಂಗಡಿಯಲ್ಲಿ ಸಿಗೋ ಗುಳಿಗೆಯಂಥ ಮೊಲದ ತಿಂಡಿ. ನಿಜವಾಗಿ ಅದರ ಊಟದ ನೂರಕ್ಕೆ ಎಂಬತ್ತು ಪಾಲು ಹುಲ್ಲೇ ಆಗಬೇಕು. ಮೊಲದ ಹಲ್ಲು ಸಾಯೋವರೆಗೂ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಅಗಿದು ಅಗಿದೇ ಅದು ಸವೆಯಬೇಕು. ಕ್ಯಾರೆಟ್ಟು ನಮಗೆ ಜಿಲೇಬಿ ಇದ್ದ ಹಾಗೆ, ಯಾವಾಗಲೋ ಒಂದು ಚೂರು. ಆನ್‌ಲೈನಿನಲ್ಲಿ ತರಿಸುವ ಒಣಹುಲ್ಲಿನ ರೇಟು ಕೇಳಿದರೆ ನಮ್ಮೂರಿನ ಹಸು ಸಾಕೋರು ನಗುತ್ತಾರೆ. ಸ್ವಲ್ಪ ಅದು, ಜತೆಗೆ ನಾವೇ ಕುಯ್ದು ನೆರಳಲ್ಲಿ ಒಣಗಿಸಿದ ಗರಿಕೆ, ಹೀಗೆ ಹೊಂದಿಸಿದೆ. ಜುಲೈ ಮಳೆಯಲ್ಲಿ ಎರಡು ಚೀಲ ಬೂಷ್ಟು ಹಿಡಿದು ಎಸೆದೆ, ಅದು ಬೇರೆ.

ಇಷ್ಟೆಲ್ಲ ಸರಿಹೋಗಿತ್ತು. ಅಷ್ಟರಲ್ಲಿ ನಮ್ಮವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅರಕಲಗೂಡು ಕಡೆ ಹಳ್ಳಿ. ಶುಕ್ರವಾರ ಸಂಜೆ ಆಫೀಸಿಂದ ನೇರ ಬಸ್ ಹತ್ತೋದು, ಸೋಮವಾರ ಬೆಳಿಗ್ಗೆ ಬರೋದು. ನಮ್ಮೆಜಮಾನರ ಕೆಲಸ ತಿಂಗಳಲ್ಲಿ ಹದಿನೈದು ದಿನ ಊರೂರು ಸುತ್ತೋದು. ಪಕ್ಕದ ಮನೆ ಹುಡುಗಿ ಬಂದು ಹುಲ್ಲು ನೀರು ಹಾಕಿ ಹೋಗುತ್ತಿದ್ದಳು, ಪಾಪ, ಅವಳ ತಪ್ಪೇನಿಲ್ಲ.

ಒಂದು ಸೋಮವಾರ ಬಂದು ನೋಡಿದರೆ ಹುಲ್ಲು ಹಾಗೇ ಇದೆ, ಟ್ರೇಯಲ್ಲಿ ಒಂದು ಹಿಕ್ಕೆಯಿಲ್ಲ. ಮುದ್ದೆ ಮೂಲೆಯಲ್ಲಿ ಬೆನ್ನು ಗೂನು ಮಾಡಿ, ಕಣ್ಣು ಅರೆಮುಚ್ಚಿ ಕೂತಿತ್ತು. ಮೊಲ ಸಾಮಾನ್ಯವಾಗಿ ನರಳುವುದಿಲ್ಲ, ಕೂಗುವುದಿಲ್ಲ, ನೋವಾದರೆ ಸುಮ್ಮನೆ ಕೂರುತ್ತದೆ. ಅರ್ಧ ದಿನ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ನಾಳೆ ನೋಡೋಣ ಅನ್ನೋ ಹಾಗಿಲ್ಲ. ರಜೆ ಹಾಕಿ ಡಾಕ್ಟರ ಹತ್ತಿರ ಓಡಿದೆ. ಇಂಜೆಕ್ಷನ್, ಔಷಧಿ, ಆಮೇಲೆ ಮೂರು ದಿನ ಸೂಜಿಯಿಲ್ಲದ ಸಿರಿಂಜಿನಲ್ಲಿ ಪೆಲೆಟ್ ನೆನೆಸಿದ ಗಂಜಿ, ಎರಡೆರಡು ಗಂಟೆಗೆ. ಮೂರನೇ ದಿನ ಬೆಳಗಿನ ಜಾವ ನಾಲ್ಕು ಹಿಕ್ಕೆ ಬಿತ್ತು. ಹಿಕ್ಕೆ ನೋಡಿ ಅತ್ತವಳು ಊರಲ್ಲಿ ನಾನೊಬ್ಬಳೇ ಇರಬೇಕು.

ಆವಾಗಲೂ ಕೊಡೋಕೆ ಮನಸ್ಸು ಬರಲಿಲ್ಲ. ಪ್ರೀತಿ ಇದೆಯಾ ಅಂತ ಕೇಳಿಕೊಂಡರೆ ಉತ್ತರ ಯಾವಾಗಲೂ ಹೌದು ಅಂತಲೇ ಬರುತ್ತದೆ, ಅದರಿಂದ ಏನೂ ತೀರ್ಮಾನ ಆಗೋದಿಲ್ಲ. ಅದಕ್ಕೆ ಹಾಲಿನ ಲೆಕ್ಕ ಬರೆಯೋ ಪುಸ್ತಕದ ಹಿಂದೆ ಒಂದು ವಾರ ಬರೆದಿಟ್ಟೆ. ಇವತ್ತು ಎಷ್ಟು ಹೊತ್ತು ಹೊರಗೆ ಬಿಟ್ಟೆ, ಹುಲ್ಲು ಎಷ್ಟು ಸಲ ಹಾಕಿದೆ, ಅದರ ಜತೆ ಎಷ್ಟು ಹೊತ್ತು ಕೂತೆ. ಮೊಲಕ್ಕೆ ದಿನಕ್ಕೆ ಮೂರು ನಾಲ್ಕು ಗಂಟೆಯಾದರೂ ಓಡಾಟ ಬೇಕು. ನನ್ನ ಪುಸ್ತಕದಲ್ಲಿ ಸೋಮವಾರ 40 ನಿಮಿಷ, ಮಂಗಳವಾರ 25, ಗುರುವಾರ ಸೊನ್ನೆ, ಶನಿವಾರ ಭಾನುವಾರ ಸೊನ್ನೆ. ಕಚ್ಚೋದಕ್ಕೆ ಆಪರೇಷನ್ ಇತ್ತು, ಹುಲ್ಲಿಗೆ ದುಡ್ಡು ಇತ್ತು. ಈ ಸೊನ್ನೆಗೆ ನನ್ನ ಹತ್ತಿರ ಏನೂ ಇರಲಿಲ್ಲ, ಅವ್ವ ಎದ್ದು ಓಡಾಡೋಕೆ ವರ್ಷವಾದರೂ ಬೇಕಿತ್ತು.

ಮಗನಿಗೆ ಫೋನಿನಲ್ಲಿ ಹೇಳಿದಾಗ ಮಾತೇ ಬಿಟ್ಟ. ಆ ಪುಟದ ಫೋಟೋ ಕಳಿಸಿದೆ. ಎರಡು ದಿನ ಬಿಟ್ಟು, "ಕೊಡಮ್ಮ, ಆದರೆ ಪಂಜರದಲ್ಲೇ ಇಡೋರಿಗೆ ಬೇಡ" ಅಂದ.

ಕೊಡ್ತೀವಿ ಅಂತ ಬಾಯಿಬಿಟ್ಟ ಮೇಲೆ ಸಲಹೆಗಳಿಗೇನು ಬರ. "ಯಾವುದಾದ್ರೂ ಕಾಫಿ ತೋಟಕ್ಕೆ ಬಿಟ್ಬಿಡಿ, ಕಾಡುಮೊಲದ ಜತೆ ಸೇರ್ಕೊಳುತ್ತೆ" ಅಂದರು ಆಫೀಸಿನಲ್ಲಿ ಒಬ್ಬರು. ನಮ್ಮ ಕಾಡುಮೊಲ ಬೇರೆ ಜಾತಿ, ಸಾಕುಮೊಲ ಯೂರೋಪಿನ ಬಿಲ ತೋಡುವ ಮೊಲದ ವಂಶ, ಎರಡೂ ಕೂಡುವುದೂ ಇಲ್ಲ. ಬಿಟ್ಟರೆ ಮೊದಲ ರಾತ್ರಿಯೇ ನಾಯಿ ಬಾಯಿಗೆ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳೋ ಹಾಗೆ ಬಿಟ್ಟುಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ ಕೂಡ.

ಒಬ್ಬರು ಫೋನ್ ಮಾಡಿ ಮೊದಲು ಕೇಳಿದ್ದೇ "ತೂಕ ಎಷ್ಟಿದೆ ಮೇಡಂ?" ಅಂತ. ಇಟ್ಟುಬಿಟ್ಟೆ ಫೋನು. ಅವತ್ತಿಂದ ಸುಮ್ನೆ ಕೊಡ್ತೀವಿ ಅನ್ನೋದನ್ನ ಬಿಟ್ಟೆ, 500 ರೂಪಾಯಿ ಅಂತ ಹೇಳತೊಡಗಿದೆ. ಇನ್ನೊಬ್ಬರಿಗೆ ಮಗಳ ಬರ್ತ್‌ಡೇಗೆ ಬೇಕಂತೆ. ಅದೇ ನಮ್ಮ ಕಥೆ ಮತ್ತೊಂದು ಸಲ, ಬೇಡ ಅಂದೆ.

ಕೊನೆಗೆ ಸಿಕ್ಕಿದ್ದು ಆಲೂರಿನ ಒಬ್ಬ ರಿಟೈರ್ಡ್ ಮೇಷ್ಟ್ರು ಮತ್ತು ಅವರ ಮನೆಯವರು. ಅವರಲ್ಲಿ ಆಗಲೇ ಒಂದು ಹೆಣ್ಣು ಮೊಲ ಒಂಟಿಯಾಗಿತ್ತು. ನಾನೇ ಹೋಗಿ ನೋಡಿದೆ: ಹಿಂದಿನ ಜಗಲಿಗೆ ಜಾಲರಿ ಹೊಡೆಸಿ ಪೂರ್ತಿ ಮೊಲಕ್ಕೇ ಬಿಟ್ಟಿದ್ದರು, ಬುಟ್ಟಿ ತುಂಬ ಹುಲ್ಲು, ಟ್ರೇಯಲ್ಲಿ ದಪ್ಪ ದಪ್ಪ ಹಿಕ್ಕೆ. ನಾನು ಕೇಳುವ ಮೊದಲೇ ಅವರೇ ಕೇಳಿದರು, "ಆಪರೇಷನ್ ಆಗಿ ಎಷ್ಟು ದಿನ ಆಯ್ತಮ್ಮ?" ಆಪರೇಷನ್ ಆದ ಮೇಲೂ ಗಂಡು ಮೊಲಕ್ಕೆ ಕೆಲವು ವಾರ ಮರಿ ಹಾಕಿಸೋ ಶಕ್ತಿ ಇರುತ್ತದೆ, ಅದಕ್ಕೆ. ಆ ಪ್ರಶ್ನೆ ಕೇಳಿದ ತಕ್ಷಣ ನನ್ನ ಅರ್ಧ ಭಾರ ಇಳಿಯಿತು. ವರ್ಷದ ಮೇಲಾಯಿತು ಸಾರ್ ಅಂದೆ. ಒಂದು ತಿಂಗಳು ನೋಡೋಣ, ಹೊಂದಿಕೊಳ್ಳದಿದ್ದರೆ ನನಗೇ ವಾಪಸ್ ಕೊಡಬೇಕು, ಮೂರನೆಯವರಿಗೆ ಕೊಡಬಾರದು ಅಂತ ಮಾತಾಯಿತು. ತಿನ್ನುತ್ತಿದ್ದ ಹುಲ್ಲನ್ನೇ ಒಂದು ಚೀಲ ಕೊಟ್ಟೆ, ದಿಢೀರನೆ ಊಟ ಬದಲಾದರೆ ಹೊಟ್ಟೆ ಕೆಡುತ್ತದೆ. ಮಲಗುತ್ತಿದ್ದ ಹಳೇ ಟವೆಲ್ಲನ್ನೂ ಒಗೆಯದೆ ಕೊಟ್ಟೆ. ಅವರು ಎರಡನ್ನೂ ಒಂದೇ ಸಲ ಕೂಡಿ ಹಾಕಲಿಲ್ಲ. ನಡುವೆ ಜಾಲರಿ, ಆಮೇಲೆ ಎರಡಕ್ಕೂ ಹೊಸದಾದ ಕೋಣೆಯಲ್ಲಿ ದಿನಕ್ಕೆ ಹದಿನೈದು ನಿಮಿಷ, ಹೀಗೆ ಮೂರು ವಾರ ಹಿಡಿಯಿತಂತೆ.

ದಸರಾ ರಜೆಗೆ ಮಗ ಬಂದಾಗ ಇಬ್ಬರೂ ಹೋಗಿದ್ದೆವು. ಮುದ್ದೆ ಅವನ ಕೈ ಮೂಸಿತು, ತಿರುಗಿ ಹೋಗಿ ಆ ಹೆಣ್ಣು ಮೊಲದ ಪಕ್ಕ ಕಾಲು ಚಾಚಿ ಬಿದ್ದುಕೊಂಡಿತು. ಬಸ್ಸಿನಲ್ಲಿ ಅವನು ಜಾಸ್ತಿ ಮಾತಾಡಲಿಲ್ಲ.

ಪಂಜರ ಕೇಳಿಕೊಂಡು ಮೂರು ಜನ ಬಂದರು, ಮೊಲ ಸಾಕೋಕೆ. ಕೊಡಲಿಲ್ಲ, ಅದು ಮೊಲಕ್ಕೆ ಚಿಕ್ಕದು. ಈಗ ಅದರಲ್ಲಿ ತೆಂಗಿನಕಾಯಿ ತುಂಬಿಟ್ಟಿದ್ದೀನಿ.