ತೆಳ್ಳಗಿನ ಮಗುವಿಗೆ ಫ್ಯಾಟಿ ಲಿವರ್ ಅಂದ್ರೆ ಬೆಲ್ಲದ ಡಬ್ಬಿ ಕಡೆಗೂ ನೋಡಿ

ಸ್ಕ್ಯಾನಿಂಗಲ್ಲಿ ಮಗುವಿಗೆ ಫ್ಯಾಟಿ ಲಿವರ್ ಅಂತ ಬಂದರೆ ನೆಂಟರೆಲ್ಲ ಹೇಳೋದು ಒಂದೇ: ಕರಿದ ತಿಂಡಿ ಜಾಸ್ತಿ ಆಯ್ತು. ದಪ್ಪಗಿನ ಮಗುವಾದರೆ ಇರಬಹುದು. ಸೊರಗಿದ ಮಗುವಾದರೆ ಎಂಜೈಮ್ ಕೊರತೆ ಇರಬಹುದಾ ಅಂತ ಮಕ್ಕಳ ಡಾಕ್ಟರನ್ನು ಕೇಳಿ. ನನ್ನ ಮಗಳಿಗೆ ಇರೋದು ಅದೇ. ಹೆಸರು ಹೆರಿಡಿಟರಿ ಫ್ರಕ್ಟೋಸ್ ಇನ್‌ಟಾಲರೆನ್ಸ್, ಅಂದರೆ ಫ್ರಕ್ಟೋಸ್ ಅನ್ನೋ ಸಿಹಿ ಅಂಶ ಹುಟ್ಟಿನಿಂದಲೇ ಮೈಗೆ ಆಗದಿರೋದು. ಅದನ್ನು ಲಿವರಲ್ಲಿ ಕರಗಿಸುವ ಅಲ್ಡೊಲೇಸ್ ಬಿ ಅನ್ನೋ ಎಂಜೈಮ್ ಕೆಲಸ ಮಾಡಲ್ಲ. ಹಣ್ಣು, ಜೇನು, ಸಕ್ಕರೆ, ಬೆಲ್ಲದಿಂದ ಬರುವ ಫ್ರಕ್ಟೋಸ್ ಅರ್ಧಂಬರ್ಧ ಕರಗಿ ಲಿವರಲ್ಲೇ ಉಳಿದು ಕಾಟ ಕೊಡುತ್ತೆ. ರಕ್ತದ ಗ್ಲೂಕೋಸ್ ದಿಢೀರ್ ಇಳಿಯುತ್ತೆ, ಲಿವರಲ್ಲಿ ಕೊಬ್ಬು ಕೂರುತ್ತೆ.

ಡಾಕ್ಟರ ಹತ್ತಿರ ಹೋಗುವಾಗ ಇಷ್ಟು ಬರೆದುಕೊಂಡು ಹೋಗಿ. ಬರೀ ಎದೆಹಾಲಿದ್ದಾಗ ಆರಾಮಾಗಿದ್ದ ಮಗುವಿಗೆ ಬಾಳೆಹಣ್ಣು, ಬೆಲ್ಲ ಹಾಕಿದ ರಾಗಿ ಸರಿ ಕೊಟ್ಟ ಮೇಲೆ ವಾಂತಿ ಶುರುವಾಯ್ತಾ? ಸಿಹಿ ಕಂಡರೆ ಮುಖ ತಿರುಗಿಸುತ್ತಾ? ಹಲ್ಲು ಒಂದೂ ಹುಳುಕಾಗಿಲ್ವಾ? ಸಂಬಂಧದಲ್ಲೇ ಮದುವೆಯಾಗಿದ್ದರೆ ಅದನ್ನೂ ಹೇಳಿ, ಇದು ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಬರಬೇಕಾದ ಕಾಯಿಲೆ. ಜೀನ್ ಪರೀಕ್ಷೆಯಲ್ಲಿ ಗೊತ್ತಾಗುತ್ತೆ. ಮನೆಯಲ್ಲಿ ಬೆಲ್ಲ ತಿನ್ನಿಸಿ ನೋಡೋ ಸಾಹಸ ಮಾತ್ರ ಬೇಡ.

ಕೊಲೆಸ್ಟರಾಲ್ ಕೂಡ ಜಾಸ್ತಿ ಇದ್ದರೆ ಕೊಬ್ಬು ಕರಗಿಸುವ ಇನ್ನೊಂದು ಎಂಜೈಮ್, ಲೈಸೊಸೋಮಲ್ ಆಸಿಡ್ ಲೈಪೇಸ್, ಅದರ ಕೊರತೆ ಇದೆಯಾ ನೋಡುತ್ತಾರೆ. ಅದಕ್ಕೆ 2015ರಲ್ಲಿ ಎಂಜೈಮ್ ಇಂಜೆಕ್ಷನ್ನೇ ಬಂತು. ನಮ್ಮದಕ್ಕೆ ಔಷಧಿ ಇಲ್ಲ, ಪಥ್ಯವೇ ಔಷಧಿ.

ಮಲೆನಾಡಿನ ಅಡುಗೆಮನೆಯಲ್ಲಿ ಈ ಪಥ್ಯ ಸುಲಭ ಅಲ್ಲ. ತೊಡೆದೇವು, ಹಲಸಿನ ಹಣ್ಣಿನ ಕಡುಬು, ಆಲೆಮನೆಯ ಕಬ್ಬಿನ ಹಾಲು ಬೇಡ ಅಂತ ಎಲ್ಲರಿಗೂ ಅರ್ಥವಾಗುತ್ತೆ. ತೊಂದರೆ ಇರೋದು ಸಾರಿಗೆ ಹಾಕುವ ಬೆಲ್ಲದ ಚೂರಿನಲ್ಲಿ. ಪತ್ರೊಡೆಗೆ, ಗೊಜ್ಜಿಗೆ, ಉಪ್ಪಿನಕಾಯಿಗೂ ಕೈ ತಾನಾಗಿ ಬೆಲ್ಲದ ಡಬ್ಬಿಗೆ ಹೋಗುತ್ತೆ. ನಮ್ಮನೆಯಲ್ಲಿ ಬೇಳೆ ಬೆಂದ ತಕ್ಷಣ ಅವಳ ಪಾಲು ಸಣ್ಣ ಸ್ಟೀಲ್ ಡಬ್ಬಿಗೆ ತೆಗೆದಿಡುತ್ತೇವೆ. ಉಪ್ಪು, ಮೆಣಸು, ತುಪ್ಪದ ಒಗ್ಗರಣೆ ಅದಕ್ಕೇ ಬೇರೆ. ಆಮೇಲೆ ಉಳಿದದ್ದಕ್ಕೆ ಅತ್ತೆ ಬೇಕಾದಷ್ಟು ಬೆಲ್ಲ ಹಾಕಿಕೊಳ್ಳಲಿ! ಅನ್ನ, ಹಾಲು, ಮೊಸರು, ಮೊಟ್ಟೆ, ಮೀನಿಗೆ ಅಡ್ಡಿಯಿಲ್ಲ. ಕ್ಯಾರೆಟ್, ಬೀಟ್ರೂಟ್, ಗೆಣಸು ಬೇಡ. ತೆಂಗಿನಕಾಯಿ, ಟೊಮೆಟೊ ಎಷ್ಟು ಅಂತ ಡಯಟೀಷಿಯನ್ ಹತ್ತಿರ ಕೇಳಿಯೇ ಹಾಕಿ. ಹಣ್ಣೇ ಇಲ್ಲದಿದ್ದರೆ ವಿಟಮಿನ್ ಸಿ ಬೇಕು. ಆದರೆ ಜಗಿಯುವ ಕಿತ್ತಳೆ ರುಚಿಯ ಮಾತ್ರೆಯಲ್ಲಿ ಸಕ್ಕರೆ ಇರುತ್ತೆ, ಸಾದಾ ಮಾತ್ರೆ ಬರೆಸಿಕೊಳ್ಳಿ.

ದೇವಸ್ಥಾನದ ಪಂಚಾಮೃತಕ್ಕೆ ಕೈ ಒಡ್ಡಿದರೆ ಕಣ್ಣಿಗೆ ಒತ್ತಿಕೊಂಡು ನನಗೆ ಕೊಡು ಅಂತ ಕಲಿಸಿದ್ದೇನೆ. ದೇವರು ಬೇಜಾರು ಮಾಡಿಕೊಂಡಿಲ್ಲ. ಸಂಕ್ರಾಂತಿಗೆ ಎಳ್ಳು, ಹುರಿಗಡಲೆ ಮಾತ್ರ.

ಸಿರಪ್ ತರುವಾಗ ಲೇಬಲ್ಲಿನಲ್ಲಿ ಸಕ್ಕರೆ, ಸಾರ್ಬಿಟಾಲ್ (ಸಕ್ಕರೆ ಬದಲು ಸಿಹಿಗೆ ಹಾಕುವ ವಸ್ತು) ಎರಡೂ ಇವೆಯಾ ಅಂತ ನೋಡಿ, ಇದ್ದರೆ ಬೇಡ. ‘ಶುಗರ್ ಫ್ರೀ’ ಅಂತ ಬರೆದಿದ್ದರೂ ಒಳಗೆ ಸಾರ್ಬಿಟಾಲ್ ಇರಬಹುದು. ಅದೂ ಹೊಟ್ಟೆಗೆ ಹೋದ ಮೇಲೆ ಫ್ರಕ್ಟೋಸೇ. ಗ್ಲೂಕೋಸ್ ಇಳಿದು ಸುಸ್ತಾಗಿ ಬೆವರಿದರೆ ಜ್ಯೂಸ್ ಕುಡಿಸಬೇಡಿ, ಬೇರೇನೂ ಬೆರೆಸದ ಗ್ಲೂಕೋಸ್ ಪುಡಿ ನೀರಲ್ಲಿ ಕದಡಿ ಕೊಟ್ಟು ಆಸ್ಪತ್ರೆಗೆ ಹೊರಡಿ. ಮಂಪರು ಬಂದಿದ್ದರೆ ಬಾಯಿಗೆ ಏನೂ ಹಾಕಬೇಡಿ. ಡ್ರಿಪ್ ಹಾಕುವ ಮುಂಚೆ ಫ್ರಕ್ಟೋಸ್, ಸಾರ್ಬಿಟಾಲ್ ಕೂಡದು ಅಂತ ಹೇಳಿ. ಇದನ್ನೇ ಚೀಟಿಯಲ್ಲಿ ಬರೆಸಿ ಡಾಕ್ಟರ ಸಹಿ ಹಾಕಿಸಿ, ಅದರ ಒಂದು ಪ್ರತಿ ಸ್ಕೂಲ್ ಬ್ಯಾಗಿನಲ್ಲಿ, ಇನ್ನೊಂದು ಮಿಸ್ ಹತ್ತಿರ ಇರಲಿ.