ವೈಫೈ ಸೆಟ್ಟಿಂಗ್: ರೂಟರ್ ಒಳಗೆ ಒಮ್ಮೆ ಇಣುಕಿ

ಫೈಬರ್ ಕನೆಕ್ಷನ್ ಕೊಡಲು ಬಂದವರು ಗೋಡೆಗೆ ಡಬ್ಬಿ ಕೂರಿಸಿ, ಮೊಬೈಲ್‌ನಲ್ಲಿ ಒಂದು ವಿಡಿಯೊ ಓಡಿಸಿ ತೋರಿಸಿ ಹೊರಟುಬಿಡುತ್ತಾರೆ. ಆಮೇಲೆ ಆ ಸೆಟ್ಟಿಂಗ್ ಮುಟ್ಟುವವರೇ ಇಲ್ಲ. ನೆಟ್ ನಿಧಾನವಾದರೆ ದುಬಾರಿ ಪ್ಲಾನ್ ಹಾಕಿಸುತ್ತೇವೆ. ಅದಕ್ಕೆ ಮೊದಲು ಇದಿಷ್ಟು ಮಾಡಿ ನೋಡಿ.

ರೂಟರ್ ಮಗುಚಿ, ಅಡಿಯ ಸ್ಟಿಕ್ಕರ್‌ನ ಫೋಟೊ ತೆಗೆದಿಟ್ಟುಕೊಳ್ಳಿ. ಅಲ್ಲಿ 192.168.1.1 ಅಥವಾ 192.168.0.1 ಎಂಬಂಥ ವಿಳಾಸ ಇರುತ್ತದೆ. ಫೋನ್‌ನ ಮೊಬೈಲ್ ಡೇಟಾ ಆಫ್ ಮಾಡಿ, ಮನೆಯ ವೈಫೈಗೆ ಸೇರಿ, ಬ್ರೌಸರ್‌ನಲ್ಲಿ ಆ ಅಂಕಿಗಳನ್ನು ಟೈಪ್ ಮಾಡಿ. ಲಾಗಿನ್ ಪುಟ ತೆರೆಯುತ್ತದೆ. ಒಳಗೆ ಹೋದೊಡನೆ ಬದಲಿಸಬೇಕಾದದ್ದು ಈ ಲಾಗಿನ್ ಪಾಸ್‌ವರ್ಡನ್ನೇ. ವೈಫೈ ಪಾಸ್‌ವರ್ಡ್ ಬೇರೆ, ಇದು ಬೇರೆ.

ಮುಂದೆ ವೈರ್‌ಲೆಸ್ ಅಥವಾ ಡಬ್ಲ್ಯುಲ್ಯಾನ್ ಎಂಬ ಪುಟ. ಹೆಸರು ಏನಾದರೂ ಇಡಿ, ಫ್ಲ್ಯಾಟ್ ನಂಬರ್ ಮಾತ್ರ ಬೇಡ. ಸೆಕ್ಯುರಿಟಿಯಲ್ಲಿ, ಅಂದರೆ ವೈಫೈಗೆ ಬೀಗ ಹಾಕುವ ವಿಧಾನಗಳ ಪಟ್ಟಿಯಲ್ಲಿ, ಡಬ್ಲ್ಯುಪಿಎ3 (WPA3) ಇದ್ದರೆ ಅದು, ಇಲ್ಲವಾದರೆ ಡಬ್ಲ್ಯುಪಿಎ2 (WPA2) ಜತೆ ಎಇಎಸ್ (AES). ಪಾಸ್‌ವರ್ಡ್‌ಗೆ ಕನಿಷ್ಠ 8 ಅಕ್ಷರ ಬೇಕು, 63ರವರೆಗೂ ಅವಕಾಶವಿದೆ; ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಪೋಣಿಸಿದರೆ ನೆನಪೂ ಉಳಿಯುತ್ತದೆ. ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡುವ ಚಾಳಿ ಬಿಡಿ. ಪಾಸ್‌ವರ್ಡ್ ಬದಲು ಗುಂಡಿ ಒತ್ತಿಯೋ ಪಿನ್ ಕೊಟ್ಟೋ ವೈಫೈಗೆ ಸೇರಿಸುವ ಡಬ್ಲ್ಯುಪಿಎಸ್ (WPS) ಆಫ್ ಮಾಡಿ: ಅದರ 8 ಅಂಕಿಯ ಪಿನ್ ಅನ್ನು ರೂಟರ್ ಎರಡು ತುಂಡಾಗಿ ಪರೀಕ್ಷಿಸುವುದರಿಂದ, ಹೆಚ್ಚೆಂದರೆ 11,000 ಪ್ರಯತ್ನಕ್ಕೆ ಸಿಕ್ಕಿಬೀಳುತ್ತದೆ ಎಂಬುದು 2011ರಲ್ಲೇ ಬಯಲಾಗಿದೆ.

ಅಪಾರ್ಟ್‌ಮೆಂಟ್‌ನವರಿಗೆ ಮುಖ್ಯವಾದದ್ದು ಚಾನೆಲ್, ಅಂದರೆ ವೈಫೈ ತರಂಗ ಓಡಾಡುವ ದಾರಿ. 2.4 ಗಿಗಾಹರ್ಟ್ಸ್ ಎಂಬ ತರಂಗ ಪಟ್ಟಿಯಲ್ಲಿ 13 ಚಾನೆಲ್‌ಗಳು ಕಾಣುತ್ತವೆ. ಆದರೆ ಅವುಗಳ ನಡುವಿನ ಅಂತರ ಬರೀ 5 ಮೆಗಾಹರ್ಟ್ಸ್, ಒಂದೊಂದು ವೈಫೈಗೂ ಬೇಕಾದ ಅಗಲ 20. ಹಾಗಾಗಿ ಒಂದರ ಮೇಲೊಂದು ಬೀಳದಂತೆ ಬಳಸಲು ಸಿಗುವುದು ಸಾಮಾನ್ಯವಾಗಿ 1, 6, 11 ಮಾತ್ರ. ಈ ಮೂರೂ ತುಂಬಿವೆಯೆಂದು 3ಕ್ಕೆ ಹೋದಿರೋ, 1ರವರಿಗೂ 6ರವರಿಗೂ ಅಡ್ಡಿ, ನಿಮಗೂ ಸುಖವಿಲ್ಲ. ಒಂದೇ ಚಾನೆಲ್‌ನಲ್ಲಿರುವ ರೂಟರ್‌ಗಳು ಪರಸ್ಪರ ಆಲಿಸಿ ಸರದಿಯ ಮೇಲೆ ಮಾತಾಡುತ್ತವೆ. ಅರೆಬರೆ ಮೇಲೆ ಬಿದ್ದವಕ್ಕೆ ಪಕ್ಕದ್ದು ಕೇವಲ ಗದ್ದಲ. ವೈಫೈ ಅನಲೈಸರ್ ಆ್ಯಪ್ ಹಾಕಿಕೊಂಡು, ಅಕ್ಕಪಕ್ಕದವರೆಲ್ಲ ಮನೆಯಲ್ಲಿರುವ ರಾತ್ರಿ ಹೊತ್ತಿನಲ್ಲಿ ನೋಡಿ, ಮೂರರಲ್ಲಿ ಕಡಿಮೆ ಜನರಿರುವುದನ್ನು ಆರಿಸಿ. ಚಾನೆಲ್ ಅಗಲ 20ಕ್ಕೇ ಇರಲಿ.

ಟಿವಿ, ಲ್ಯಾಪ್‌ಟಾಪ್ ರೂಟರ್ ಇರುವ ಕೋಣೆಯಲ್ಲೇ ಇದ್ದರೆ 5 ಗಿಗಾಹರ್ಟ್ಸ್ ಎಂಬ ಇನ್ನೊಂದು ಪಟ್ಟಿಗೆ ಹಾಕಿ. ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಮ್ಮಿ. ಸ್ಮಾರ್ಟ್ ಬಲ್ಬ್, ಹಳೆಯ ಪ್ರಿಂಟರ್‌ಗಳಲ್ಲಿ ಬಹುತೇಕವು 2.4 ಬಿಟ್ಟು ಬೇರೇನನ್ನೂ ಹಿಡಿಯವು. ಅಂಥವು ಮನೆಯಲ್ಲಿದ್ದರೆ 2.4, 5 ಎರಡರ ವೈಫೈಗೂ ಬೇರೆ ಬೇರೆ ಹೆಸರಿಡುವುದು ವಾಸಿ.

ಸೇವ್ ಒತ್ತಿದೊಡನೆ ವೈಫೈ ಕಡಿದುಹೋಗುತ್ತದೆ, ಗಾಬರಿ ಬೇಡ. ಹೊಸ ಪಾಸ್‌ವರ್ಡ್ ಹಾಕಿ ಮತ್ತೆ ಸೇರಿ. ಏನೋ ಎಡವಟ್ಟಾಯಿತೆಂದು ಹಿಂಬದಿಯ ರಿಸೆಟ್ ತೂತಿಗೆ ಪಿನ್ನು ಚುಚ್ಚುವ ಮುನ್ನ ಮಾತ್ರ ಯೋಚಿಸಿ. ಕಂಪನಿಯವರು ಹಾಕಿಕೊಟ್ಟ ಇಂಟರ್ನೆಟ್ ಯೂಸರ್‌ನೇಮ್, ಪಾಸ್‌ವರ್ಡ್ ಕೂಡ ಅದರ ಜತೆ ಅಳಿಸಿಹೋಗಬಹುದು. ಅವೆರಡನ್ನೂ ಮೊದಲೇ ಕೇಳಿ ಬರೆದಿಟ್ಟುಕೊಂಡಿರಿ.